ಚೀಟಿಯಲ್ಲಿ ಇಲ್ಲದ ಪದ

ಅತ್ತಿಗೆ ಕಳಿಸಿದ ಚೀಟಿಯಲ್ಲಿ ಹನ್ನೆರಡು ಪದಗಳಿದ್ದವು. ನೀರು, ಊಟ, ಹಾಲು, ಬಚ್ಚಲು, ನಿದ್ದೆ, ನೋವು, ಚಳಿ, ಸೆಕೆ, ಟೀವಿ, ಅಮ್ಮ, ಸಾಕು, ಬೇಕು. ಹೊಸನಗರದ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಚೀಲ ಕೆಸುವಿನ ಸೊಪ್ಪು ಬಂದಿತ್ತು. ಚೀಟಿ ಅದರ ಬಾಯಿಗೆ ಕಟ್ಟಿದ ದಾರದಲ್ಲಿ ಸಿಕ್ಕಿಸಿತ್ತು. 'ಪುಟ್ಟಿಗೆ ಬೋರ್ಡು ಮಾಡಿಕೊಡು, ಚಿತ್ರ ದೊಡ್ಡದಿರಲಿ' ಅಂತ ಕೆಳಗೆ ಬರೆದಿದ್ದಳು. ಬಾಯಿ ಮಾತು ಬಾರದ ಪುಟ್ಟಿ ಚಿತ್ರ ಮುಟ್ಟಿ ಬೇಕಾದ್ದನ್ನು ಹೇಳೋಕೆ ಒಂದು ಬೋರ್ಡು. ಇದು 2019ರ ಮಾತು. ಪುಟ್ಟಿಗೆ ಆಗ ಎಂಟು ವರ್ಷ.

ಪುಟ್ಟಿ ನನ್ನ ಅಣ್ಣನ ಮಗಳು. ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಕಾಲೇಜಿನ ನೋಟ್ಸು, ಆಧಾರ್ ಲ್ಯಾಮಿನೇಷನ್. ಬೋರ್ಡು ಮಾಡೋದು ನನಗೆ ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಆರು ವರ್ಷ ಆಯ್ತು, ಆ ಕೆಲಸ ಇನ್ನೂ ಮುಗಿದಿಲ್ಲ.

ಪುಟ್ಟಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಕೂಡಲೋ ಮೆದುಳಿಗೆ ಆಗುವ ಪೆಟ್ಟು ಅದು. ಸ್ನಾಯುಗಳು ಹೇಳಿದ ಮಾತು ಕೇಳುವುದಿಲ್ಲ. ಕೈ ಒಂದು ಕಡೆ ಹೋಗು ಅಂದರೆ ಇನ್ನೊಂದು ಕಡೆ ಹೋಗುತ್ತದೆ. ಮಾತಾಡೋದೂ ಸ್ನಾಯುಗಳ ಕೆಲಸವೇ ಅಲ್ವಾ? ನಾಲಿಗೆ, ತುಟಿ, ಗಂಟಲು, ಉಸಿರು ಎಲ್ಲವೂ ಒಂದೇ ಕ್ಷಣಕ್ಕೆ ಒಟ್ಟಿಗೆ ಬರಬೇಕು. ಪುಟ್ಟಿಗೆ ಅದು ಬರಲಿಲ್ಲ. ಕೆಲವು ಮಕ್ಕಳಿಗೆ ಇದರ ಜೊತೆ ಕಲಿಕೆಯ ತೊಡಕೂ ಇರುತ್ತದೆ, ಎಷ್ಟೋ ಮಕ್ಕಳಿಗೆ ಇರುವುದಿಲ್ಲ. ಹೊರಗಿನಿಂದ ನೋಡಿ ಯಾರೂ ಹೇಳೋಕೆ ಆಗೋದಿಲ್ಲ. ಆದರೂ ಎಲ್ಲರೂ ನೋಡಿಯೇ ಹೇಳುತ್ತಿದ್ದರು. 'ಪಾಪ, ಅದಕ್ಕೆಂತ ಗೊತ್ತಾಗ್ತದೆ.' ಅವಳ ಎದುರಿಗೇ.

ನನ್ನ ಅಮ್ಮ, ಅಂದರೆ ಪುಟ್ಟಿಯ ಅಜ್ಜಿ, ಮಾಡದ ಉಪಾಯ ಇಲ್ಲ. ದಿನಾ ಬೆಳಿಗ್ಗೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಳು. ಹರಕೆ ಹೊತ್ತಳು. ಐದು ವರ್ಷಕ್ಕೆ ಬರ್ತದೆ, ಏಳಕ್ಕೆ ಬರ್ತದೆ ಅಂತ ಕಾದಳು. ಹಾಗೆ ಕಾದ ವರ್ಷಗಳಲ್ಲಿ ಪುಟ್ಟಿಗೆ ಮಾತಿಗೆ ಬೇರೆ ದಾರಿ ಇದೆ ಅಂತ ನಮಗೆ ಯಾರೂ ಹೇಳಲಿಲ್ಲ. ನಾವೂ ಹುಡುಕಲಿಲ್ಲ. ಈಗ ಯೋಚಿಸಿದರೆ ಇದೊಂದು ವಿಷಯಕ್ಕೆ ನನಗೆ ತುಂಬಾ ಸಂಕಟ ಆಗುತ್ತದೆ.

ಮೊದಲ ಬೋರ್ಡು ಎ-4 ಅಳತೆಯದು, ಹನ್ನೆರಡು ಚೌಕ. ಚಿತ್ರಗಳಿಗೆ ಅಂತರ್ಜಾಲದಲ್ಲಿ ಹುಡುಕಿದಾಗ ಆರಾಸಾಕ್ ಸಿಕ್ಕಿತು. ಸ್ಪೇನ್ ದೇಶದ ಅರಗಾನ್ ಪ್ರಾಂತ್ಯದ ಸರ್ಕಾರ ಇಂಥ ಮಕ್ಕಳಿಗಾಗಿಯೇ ಮಾಡಿಸಿಟ್ಟಿರುವ ಸಾವಿರಾರು ಚಿತ್ರಗಳು. ವ್ಯಾಪಾರಕ್ಕಲ್ಲದಿದ್ದರೆ ಪುಕ್ಕಟೆ. ತುಂಬಾ ಚೆನ್ನಾಗಿವೆ, ಸ್ಪಷ್ಟ ಗೆರೆ, ಗೊಂದಲ ಇಲ್ಲ. ಆದರೆ ನಮ್ಮ ಮನೆಯ ಸಾಮಾನು ಹುಡುಕಿದರೆ? ಬ್ರೆಡ್ಡು ಸಿಕ್ಕಿತು, ಕಡುಬು ಸಿಗಲಿಲ್ಲ. ಹಿಮ ಸಿಕ್ಕಿತು, ಕಂಬಳಿಕೊಪ್ಪೆ ಸಿಗಲಿಲ್ಲ. ಇಂಬಳದ, ಅಂದರೆ ಜಿಗಣೆಯ, ಚಿತ್ರ ಹುಡುಕಿ ಹುಡುಕಿ ಕೊನೆಗೆ ನಾನೇ ಒಂದು ಬರೆದೆ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದವರು ಅಂಗಳದಲ್ಲಿ ನಿಂತು ಇಂಬಳ ಕೀಳೋದನ್ನು ನೋಡಿ ಆ ಹುಡುಗಿ ಎಷ್ಟು ನಗುತ್ತಾಳೆ! ಅದಕ್ಕೊಂದು ಪದ ಬೇಡವಾ?

ಆದರೆ ಆ ಚಿತ್ರ ಬರೆದದ್ದು ಎರಡನೇ ಬೋರ್ಡಿಗೆ. ಮೊದಲನೆಯದರಲ್ಲಿ ಚೀಟಿಯಲ್ಲಿದ್ದ ಹನ್ನೆರಡೇ.

ಭಾನುವಾರ ನಾನೇ ತಗೊಂಡು ಹೋದೆ. ಆಯನೂರು, ರಿಪ್ಪನ್‌ಪೇಟೆ ಮೇಲಿಂದ ಹೊಸನಗರ, ಅಲ್ಲಿಂದ ಅಣ್ಣನ ಬೈಕು. ಪುಟ್ಟಿ ಬೋರ್ಡನ್ನು ನೋಡಿದಳು, ಮುಷ್ಟಿ ಎತ್ತಿದಳು. ಅವಳ ಬೆರಳು ಬಿಚ್ಚುವುದಿಲ್ಲ, ಮುಷ್ಟಿಯೇ ಬೆರಳು. ಮುಷ್ಟಿ ಇಟ್ಟ ಜಾಗದಲ್ಲಿ ನಾಲ್ಕು ಚೌಕ ಮುಚ್ಚಿಹೋದವು. ಊಟವೋ ನಿದ್ದೆಯೋ ಗೊತ್ತಾಗಲಿಲ್ಲ. ಅದನ್ನು ವಾಪಸ್ ತಂದು ಎ-3ಗೆ ಹಿಗ್ಗಿಸಿದೆ, ಚೌಕದಿಂದ ಚೌಕಕ್ಕೆ ಎರಡು ಬೆರಳಿನಷ್ಟು ಜಾಗ ಬಿಟ್ಟೆ. ಲ್ಯಾಮಿನೇಷನ್ನಿಗೆ ದಪ್ಪದ ಪೌಚ್ ಹಾಕಿ, ಅಂಚಿನಲ್ಲಿ ಅರ್ಧ ಇಂಚು ಬರೀ ಪ್ಲಾಸ್ಟಿಕ್ ಉಳಿಸಿ ಕತ್ತರಿಸಿದೆ. ಮಲೆನಾಡಿನಲ್ಲಿ ಇದು ಮುಖ್ಯ. ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಜುಲೈ ಬರುವಷ್ಟರಲ್ಲಿ ಥಂಡಿ ಒಳಗೆ ಇಳಿದು ಬೂಸ್ಟು ಹಿಡಿಯುತ್ತದೆ.

ಒಂದು ತಿಂಗಳು ಪುಟ್ಟಿ 'ನೀರು' ಒತ್ತಿದಳು, 'ಟೀವಿ' ಒತ್ತಿದಳು. ಆಮೇಲೆ ಬಿಟ್ಟಳು. ಬೋರ್ಡು ಗೋಡೆಗೆ ಒರಗಿ ನಿಂತಿತು. 'ಅವಳಿಗೆ ಆಸಕ್ತಿ ಇಲ್ಲ ಬಿಡು' ಅಂದ ಅಣ್ಣ.

ಆ ವರ್ಷ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹುಡುಗಿ. ಬೋರ್ಡನ್ನು ಸುಮಾರು ಹೊತ್ತು ನೋಡಿದಳು. ಎರಡೇ ಪ್ರಶ್ನೆ ಕೇಳಿದಳು.

'ನೀವು ಯಾರಾದ್ರೂ ಇದನ್ನ ಮುಟ್ಟಿ ಇವಳ ಜೊತೆ ಮಾತಾಡ್ತೀರಾ?'

ಇಲ್ಲ. ನಾವ್ಯಾಕೆ ಮುಟ್ಟಬೇಕು, ನಮಗೆ ಬಾಯಿ ಇದೆಯಲ್ಲ? ಅವಳು ಹೇಳಿದಳು: ಮಗು ಒಂದು ಪದ ಆಡುವ ಮೊದಲು ಅದನ್ನು ಎಷ್ಟು ಸಾವಿರ ಸಲ ಕೇಳಿರುತ್ತದೆ. ಈ ಭಾಷೆಯಲ್ಲಿ ಅವಳ ಜೊತೆ ಒಬ್ಬರೂ ಒಂದು ಸಲವೂ ಮಾತಾಡಿಲ್ಲ. ಅವಳು ಎಲ್ಲಿಂದ ಕಲೀಬೇಕು?

'ಇದ್ರಲ್ಲಿ ಬೇಡ ಅನ್ನೋದು ಎಲ್ಲಿದೆ?'

ಬೇಕು ಇತ್ತು. ಸಾಕು ಇತ್ತು. ಬೇಡ ಇರಲಿಲ್ಲ. ಅತ್ತಿಗೆ ಬರೆದಿರಲಿಲ್ಲ, ಟೈಪ್ ಮಾಡುವಾಗ ನನಗೂ ಹೊಳೆದಿರಲಿಲ್ಲ. ಹನ್ನೆರಡೂ ಪದಗಳು ನಮ್ಮ ಅನುಕೂಲದವು. ಅವಳನ್ನು ನೋಡಿಕೊಳ್ಳೋಕೆ ನಮಗೆ ಏನೇನು ಗೊತ್ತಾಗಬೇಕೋ ಅಷ್ಟೇ. ಅತ್ತಿಗೆಯ ತಪ್ಪು ಅಂತ ಹೇಳುತ್ತಿಲ್ಲ. ರಾತ್ರಿ ಮೂರು ಸಲ ಎದ್ದು ಮಗಳನ್ನು ಮಗ್ಗುಲು ಬದಲಿಸಿ ಮಲಗಿಸುವ ತಾಯಿಗೆ ಮೊದಲು ಬೇಕಾಗಿದ್ದು 'ನೋವು' ಅನ್ನುವ ಪದವೇ. ಆದರೆ ಎಂಟು ವರ್ಷದ ಹುಡುಗಿ ಬರೀ ನೀರು, ಊಟ ಅಂತ ಮಾತಾಡುತ್ತಾಳಾ? ಚಾಡಿ ಹೇಳುತ್ತಾಳೆ. ತಮ್ಮನಿಗೆ ಬೈಯುತ್ತಾಳೆ. 'ಆಮೇಲೆ ಎಂತ ಆಯ್ತು' ಅಂತ ಪೀಡಿಸುತ್ತಾಳೆ. ಅಂಥ ಒಂದು ಪದವನ್ನೂ ನಾವು ಅವಳಿಗೆ ಕೊಟ್ಟಿರಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಅಣ್ಣ ಒಂದು ಮಾತು ಕೇಳಿದ. 'ಇದನ್ನೇ ರೂಢಿ ಮಾಡಿದ್ರೆ ಇವಳಿಗೆ ಬಾಯಿ ಮಾತು ಬರೋದೇ ಇಲ್ವೇನೋ?' ಎಲ್ಲಾ ಅಪ್ಪ ಅಮ್ಮಂದಿರೂ ಇದನ್ನು ಕೇಳುತ್ತಾರಂತೆ. ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ಲೇಖನ 2006ರಲ್ಲಿ ಅಮೆರಿಕದಲ್ಲಿ ಬಂದಿದೆ. ಬೋರ್ಡು, ಯಂತ್ರ ಬಳಸಿದ್ದರಿಂದ ಯಾರ ಮಾತೂ ಕಡಿಮೆ ಆಗಿರಲಿಲ್ಲ. ಹೆಚ್ಚಿನವರಿಗೆ ಸ್ವಲ್ಪ ಜಾಸ್ತಿಯೇ ಆಗಿತ್ತು. ದೊಡ್ಡ ಹೆಚ್ಚಳ ಅಲ್ಲ, ಸ್ವಲ್ಪ. ಪುಟ್ಟಿಗೆ ಬಾಯಿ ಮಾತು ಬರಲಿಲ್ಲ. ಆದರೆ ಮೊದಲಿಗಿಂತ ಜಾಸ್ತಿ ದನಿ ಮಾಡುತ್ತಾಳೆ. ಹೌದು ಅನ್ನೋದಕ್ಕೆ ಒಂದು ದನಿ ಈಗ ಗಟ್ಟಿಯಾಗಿದೆ.

ಎರಡನೇ ಬೋರ್ಡಿಗೆ ನಲವತ್ತು ಚೌಕ, ಎರಡು ಹಾಳೆ. ಕೂತು ಮಾಡುವಾಗ ನಾನು ದಿನವಿಡೀ ಆಡುವ ಕನ್ನಡವನ್ನು ಮೊದಲ ಸಲ ನಿಧಾನಕ್ಕೆ ಕೇಳಿಸಿಕೊಂಡೆ. ಇಂಗ್ಲಿಷಿನ ಬೋರ್ಡುಗಳಲ್ಲಿ ಒಂದರ ಪಕ್ಕ ಒಂದು ಪದ ಜೋಡಿಸಿದರೆ ವಾಕ್ಯ ಆಗಿಬಿಡುತ್ತದೆ. ನಮ್ಮಲ್ಲಿ ಆಗೋದಿಲ್ಲ. 'ನಾನು', 'ಶಾಲೆ', 'ಹೋಗು' ಮೂರು ಚೌಕ ಮುಟ್ಟಿದರೆ 'ನಾನು ಶಾಲೆ ಹೋಗು' ಆಗುತ್ತದೆ. 'ನಾನು ನೀರು ಬೇಕು' ಅಂತ ನಮ್ಮೂರಲ್ಲಿ ಯಾರು ಹೇಳುತ್ತಾರೆ? ನಮ್ಮ ಮಾತಿನ ಅರ್ಧ ಜೀವ ಪದದ ಬಾಲದಲ್ಲಿದೆ. ಗೆ, ಇಂದ, ಅಲ್ಲಿ, ಜೊತೆ. ಹೋಗ್ತೀನಿ, ಹೋಗಲ್ಲ, ಹೋದೆ. ಅದಕ್ಕೇ ಕೆಳಗಿನ ಒಂದು ಸಾಲು ಪೂರ್ತಿ ಬಾಲಗಳಿಗೆ ಬಿಟ್ಟೆ, ಹಳದಿ ಬಣ್ಣ. 'ನನಗೆ' ಮಾತ್ರ ಬೇರೆಯೇ ಚೌಕ. 'ನಾನು'ಗೆ 'ಗೆ' ಸೇರಿಸಿದರೆ 'ನಾನುಗೆ' ಆಗಿಬಿಡುತ್ತದಲ್ಲ. ಪುಟ್ಟಿ ಬಾಲಗಳನ್ನು ಕಲಿಯೋಕೆ ಒಂದು ವರ್ಷ ತಗೊಂಡಳು. ಮೊದಲು ಸರಿಯಾಗಿ ಜೋಡಿಸಿದ್ದು 'ಅಜ್ಜಿ ಜೊತೆ'.

ಇನ್ನೊಂದು ಸಣ್ಣ ವಿಷಯ ಹೇಳಲೇಬೇಕು. ಬೋರ್ಡಿನಲ್ಲಿ ನಾನು 'ಏನು?' ಅಂತ ಹಾಕಿದ್ದೆ. ಪುಟ್ಟಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಪ್ರಶ್ನೆ ಕೇಳೋದು ಅವಳಿಗೆ ಗೊತ್ತಾಗುತ್ತಿಲ್ಲ ಅಂದುಕೊಂಡಿದ್ದೆವು. ಒಂದು ಸಂಜೆ ಪುಟ್ಟಿಯ ತಮ್ಮ ಸ್ಕೆಚ್ ಪೆನ್ ತಗೊಂಡು 'ಏನು' ಮೇಲೆ ಗೀಟು ಹಾಕಿ 'ಎಂತ' ಅಂತ ಬರೆದ. ಆರು ವರ್ಷದ ಹುಡುಗ. ಮಾರನೇ ದಿನದಿಂದ 'ಎಂತ?' 'ಎಂತ?' 'ಎಂತ?' ಯಾರು ಬಂದರೂ ಎಂತ, ಏನೇ ಸದ್ದಾದರೂ ಎಂತ. ನಮ್ಮ ಮನೆಯಲ್ಲಿ ಯಾರೂ 'ಏನು' ಅನ್ನೋದಿಲ್ಲ. ಅವಳು ಕೇಳಿಸಿಕೊಂಡ ಕನ್ನಡ ಬೇರೆ, ನಾನು ಅಚ್ಚು ಹಾಕಿದ ಕನ್ನಡ ಬೇರೆ.

2021ರಲ್ಲಿ ಟ್ಯಾಬ್ಲೆಟ್ ಬಂತು. ಊರಿನ ನಾಲ್ಕು ಮನೆಯವರು ಸೇರಿ ಕೊಡಿಸಿದ್ದು. ಚಿತ್ರ ಒತ್ತಿದರೆ ಮಾತಾಡುವ ಆಪ್‌ಗಳು ನಮ್ಮ ದೇಶದಲ್ಲೇ ತಯಾರಾಗಿವೆ. ಚೆನ್ನೈನವರ ಆವಾಜ್ ಇದೆ, ಐಐಟಿ ಬಾಂಬೆಯವರ ಜೆಲ್ಲೋ ಇದೆ. ಜೆಲ್ಲೋ ಪುಕ್ಕಟೆ. ನಮಗೆ ಬೇಕಾಗಿದ್ದು ನಮ್ಮದೇ ಚೌಕ, ನಮ್ಮದೇ ದನಿ ಹಾಕೋಕೆ ಬರುವಂಥದ್ದು. ಅಂಥದ್ದೊಂದು ಹಾಕಿದೆವು.

ಯಂತ್ರದ ಕನ್ನಡ ಒಳ್ಳೆಯ ಕನ್ನಡವೇ. ವಾರ್ತೆ ಓದುವ ಹೆಂಗಸಿನ ದನಿ. ಆದರೆ ಹತ್ತು ವರ್ಷದ ಹುಡುಗಿ ಅಜ್ಜಿಯನ್ನು ಕರೆದರೆ ಬೆಂಗಳೂರಿನ ಯಾರೋ ದೊಡ್ಡವರು ಕರೆದ ಹಾಗೆ ಕೇಳುತ್ತಿತ್ತು. ಅಮ್ಮ ಓಗೊಡುತ್ತಿರಲಿಲ್ಲ. ಆಮೇಲೆ ಪಕ್ಕದ ಮನೆ ಹುಡುಗಿ, ಪುಟ್ಟಿಯದೇ ವಯಸ್ಸಿನವಳು, ಒಂದು ಮಧ್ಯಾಹ್ನ ಕೂತು ಎಲ್ಲಾ ಪದಗಳನ್ನೂ ತನ್ನ ದನಿಯಲ್ಲಿ ಹೇಳಿ ತುಂಬಿಸಿದಳು. 'ಅಜ್ಜೀ' ಅಂತ ಎಳೆದು ಕರೆದಿದ್ದಾಳೆ ನೋಡಿ, ಅಡಿಗೆಮನೆಯಿಂದ ಅಮ್ಮ ಎದ್ದು ಬಂದೇಬಿಟ್ಟಳು. ಮಾತು ಕಳೆದುಕೊಂಡಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಬಳಸುತ್ತಿದ್ದ ಯಂತ್ರದ ದನಿಗೆ ಮೂಲ ಡೆನ್ನಿಸ್ ಕ್ಲಾಟ್ ಎಂಬ ಅಮೆರಿಕದ ವಿಜ್ಞಾನಿಯ ಸ್ವಂತ ದನಿ. ಮುಂದೆ ಅದಕ್ಕಿಂತ ನುಣುಪಾದ ದನಿಗಳು ಬಂದರೂ ಹಾಕಿಂಗ್ ಅದನ್ನು ಬಿಡಲಿಲ್ಲ, ಅದು ತನ್ನದೇ ಆಗಿತ್ತು. ಪಕ್ಕದ ಮನೆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ, ಅವಳ ದನಿ ಬದಲಾಗಿದೆ. ಪುಟ್ಟಿಯ ಪದಗಳನ್ನು ಮತ್ತೆ ರೆಕಾರ್ಡ್ ಮಾಡೋಣವಾ ಅಂತ ಕೇಳಿದೆವು. 'ಬೇಡ' ಒತ್ತಿದಳು.

ಟ್ಯಾಬ್ಲೆಟ್ ಪರದೆಗೆ ಮುಷ್ಟಿ ಸರಿಹೋಗಲಿಲ್ಲ. ತಲೆ ಮಾತ್ರ ಅವಳು ಬಲಕ್ಕೆ ಚೆನ್ನಾಗಿ ತಿರುಗಿಸುತ್ತಾಳೆ. ನಮ್ಮ ಅಂಗಡಿಯ ಪಕ್ಕದ ರಿಪೇರಿ ಅಣ್ಣ ಒಂದು ಹಾಳಾದ ಕೀಬೋರ್ಡ್ ಬಿಚ್ಚಿ, ಎಂಟರ್ ಕೀಲಿಯ ಎರಡು ತುದಿಗೆ ವೈರು ಬೆಸೆದು, ಅದನ್ನು ಒಂದು ಕಾಲಿಂಗ್ ಬೆಲ್ ಸ್ವಿಚ್ಚಿಗೆ ಜೋಡಿಸಿದ. ಸ್ವಿಚ್ಚನ್ನು ಕುರ್ಚಿಯ ತಲೆದಿಂಬಿಗೆ ಕಟ್ಟಿದೆವು. ಆಂಡ್ರಾಯ್ಡ್‌ನಲ್ಲಿ ಸ್ವಿಚ್ ಆಕ್ಸೆಸ್ ಅಂತ ಒಂದು ಸೌಲಭ್ಯ ಇದೆ. ಅದನ್ನು ಹಾಕಿದರೆ ಪರದೆಯ ಮೇಲೆ ಒಂದು ಬಣ್ಣದ ಚೌಕಟ್ಟು ಒಂದೊಂದೇ ಚಿತ್ರದ ಮೇಲೆ ಸಾಗುತ್ತಾ ಹೋಗುತ್ತದೆ. ಬೇಕಾದ ಚಿತ್ರಕ್ಕೆ ಬಂದಾಗ ಪುಟ್ಟಿ ಕೆನ್ನೆಯಿಂದ ಸ್ವಿಚ್ ಒತ್ತುತ್ತಾಳೆ. ಇಂಥ ಸ್ವಿಚ್ ಹೊರದೇಶದಿಂದ ತರಿಸಿದರೆ ಸಾವಿರಗಟ್ಟಲೆ. ರಿಪೇರಿ ಅಣ್ಣ ಇನ್ನೂರು ರೂಪಾಯಿ ತಗೊಂಡ, ಅದೂ ಒತ್ತಾಯಕ್ಕೆ.

ಆಪ್‌ಗೆ ಪದ ತುಂಬುವಾಗಲೇ ನನ್ನ ಕೆಲಸದ ಬಗ್ಗೆ ನನಗೆ ದೊಡ್ಡ ಪೆಟ್ಟು ಬಿತ್ತು. ನಾವು ಡಿಟಿಪಿಯವರು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಬೆಳೆದವರು. ಪುಟ್ಟಿಗಾಗಿ ಮೊದಲೇ ಟೈಪ್ ಮಾಡಿಟ್ಟಿದ್ದ ಸಣ್ಣ ಕಥೆಗಳನ್ನು ಟ್ಯಾಬ್ಲೆಟ್ಟಿಗೆ ಹಾಕಿ ಓದು ಅಂದೆ. ಅದು ಇಂಗ್ಲಿಷ್ ಅಕ್ಷರ ಉಗುಳಿತು. ಪಿ, ಪೌಂಡ್ ಗುರುತು, ಕ್ಯೂ. ಆ ಫಾಂಟಿನಲ್ಲಿ 'ಕನ್ನಡ' ಅನ್ನೋದು ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ನಾವು ಮೇಲೆ ಕನ್ನಡದ ಅಂಗಿ ತೊಡಿಸಿರುತ್ತೇವೆ ಅಷ್ಟೆ. ಓದುವ ಯಂತ್ರಕ್ಕೆ ಅಂಗಿ ಕಾಣುವುದಿಲ್ಲ.

ಆಗ ನೆನಪಾಯಿತು. ಕೆಲವು ವರ್ಷದ ಹಿಂದೆ ಕಣ್ಣು ಕಾಣದ ಒಬ್ಬ ಡಿಗ್ರಿ ಹುಡುಗ ಅಂಗಡಿಗೆ ಬಂದಿದ್ದ. ನಾನೇ ಟೈಪ್ ಮಾಡಿದ್ದ ಕಾಲೇಜಿನ ನೋಟ್ಸಿನ ಫೈಲನ್ನು ಯಾರೋ ಅವನ ಫೋನಿಗೆ ಹಾಕಿಕೊಟ್ಟಿದ್ದರು. 'ಅಕ್ಕಾ, ಇದು ಓದ್ತಾ ಇಲ್ಲ, ಏನೋ ಬೇರೆ ಹೇಳ್ತದೆ' ಅಂದ. ನಾನು ಪ್ರಿಂಟ್ ತೆಗೆದು ನೋಡಿದೆ, ಎಲ್ಲಾ ಸರಿ ಇತ್ತು. 'ನಿನ್ನ ಫೋನಿನ ತೊಂದರೆ ಇರಬೇಕು ಕಣಪ್ಪ' ಅಂದು ಕಳಿಸಿದೆ. ಅವನ ಫೋನಿಗೆ ಏನೂ ಆಗಿರಲಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದೇ ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿದೆ, ಕನ್ನಡ ಅದರಲ್ಲಿ ಆಗಲೇ ಇತ್ತು. ಎನ್‌ವಿಡಿಎ ಅನ್ನುವ, ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಆಸ್ಟ್ರೇಲಿಯಾದ ಒಬ್ಬ ಅಂಧ ಯುವಕ 2006ರಲ್ಲಿ ಶುರುಮಾಡಿದ, ಅಂಧನೇ ಆದ ಅವನ ಗೆಳೆಯನೂ ಜೊತೆ ಸೇರಿ ಅದನ್ನು ಪುಕ್ಕಟೆ ಕೊಟ್ಟರು, ಅದು ಕನ್ನಡವನ್ನೂ ಓದುತ್ತದೆ. ಎಲ್ಲಾ ಇತ್ತು. ನಾನು ಟೈಪ್ ಮಾಡಿದ ರೀತಿ ಒಂದು ಅಡ್ಡ ಬಂತು. ಈಗ ಅಂಗಡಿಗೆ ಬರುವ ಮೇಷ್ಟ್ರುಗಳಿಗೆಲ್ಲ ಕೈಮುಗಿದು ಹೇಳುತ್ತೇನೆ, ನೋಟ್ಸು ಯೂನಿಕೋಡಿನಲ್ಲೇ ಇರಲಿ ಅಂತ. ಹಳೇ ಫೈಲ್ ಇದ್ದರೆ ಪರಿವರ್ತಿಸಿ ಕೊಡುತ್ತೇನೆ, ಅದಕ್ಕೆ ದುಡ್ಡು ತಗೊಳ್ಳೋದಿಲ್ಲ. ಆ ಹುಡುಗ ಮತ್ತೆ ಸಿಕ್ಕಿಲ್ಲ.

ಟ್ಯಾಬ್ಲೆಟ್ ಎರಡು ಮಳೆಗಾಲ ಬಾಳಿತು. ಜೂನ್ ಬಂತು ಅಂದರೆ ನಮ್ಮ ಕಡೆ ಮರ ಬಿದ್ದು ಕರೆಂಟು ಮೂರು ದಿನ, ನಾಲ್ಕು ದಿನ ಇಲ್ಲ. ನೆಟ್‌ವರ್ಕಿನ ಕಥೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಕನ್ನಡದ ದನಿಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರಿಂದ ನೆಟ್ ಇಲ್ಲದಿದ್ದರೂ ಮಾತಾಡುತ್ತಿತ್ತು, ಆದರೆ ಚಾರ್ಜ್ ಇಲ್ಲದೆ ಎಂತ ಮಾಡುವುದು? ಕರೆಂಟು ಹೋದಾಗ ನಮಗೆ ಕತ್ತಲೆ ಆಗುತ್ತದೆ. ಅವಳ ಬಾಯಿಯೇ ಮುಚ್ಚಿಹೋಗುತ್ತದೆ. ಕಾಗದದ ಬೋರ್ಡನ್ನು ಎಸೆಯಬೇಡಿ ಅಂತ ಥೆರಪಿಸ್ಟ್ ಮೊದಲೇ ಹೇಳಿದ್ದು ಇದಕ್ಕೇ.

ಕರೆಂಟಿಲ್ಲದ ಆ ದಿನಗಳಿಗಾಗಿಯೇ ನಾನು ಕಣ್ಣಿನ ಚೌಕಟ್ಟು ಮಾಡಿದ್ದು. ಹೊರದೇಶಗಳಲ್ಲಿ ಬಹಳ ವರ್ಷದಿಂದ ಬಳಕೆಯಲ್ಲಿರುವ ಸಾಧನ ಇದು. ಒಂದು ಪಾರದರ್ಶಕ ಹಲಗೆ, ನಡುವೆ ಮುಖದಗಲದ ತೂತು. ಹಲಗೆಯ ಸುತ್ತ ಅಕ್ಷರಗಳ ಗುಂಪು. ಹಲಗೆಯನ್ನು ಅವಳಿಗೂ ನನಗೂ ನಡುವೆ ಹಿಡಿಯಬೇಕು. ಅವಳು ಯಾವ ಗುಂಪಿನ ಕಡೆ ಕಣ್ಣು ಹೊರಳಿಸಿದಳು ಅಂತ ತೂತಿನಿಂದ ನೋಡಬೇಕು. ಅಂಗಡಿಯಲ್ಲಿ ನಾಮಫಲಕಕ್ಕೆ ಬಳಸುವ ಅಕ್ರಿಲಿಕ್ ಶೀಟ್ ಇತ್ತು, ಕತ್ತರಿಸಿಕೊಂಡೆ. ಅಕ್ಷರಗಳನ್ನು ಹೇಗೆ ಗುಂಪು ಮಾಡೋದು ಅಂತ ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಆಮೇಲೆ ಗೋಡೆ ಮೇಲಿದ್ದ ಕಾಗುಣಿತದ ಚಾರ್ಟ್ ಕಣ್ಣಿಗೆ ಬಿತ್ತು. ನಮ್ಮ ವರ್ಣಮಾಲೆ ಆಗಲೇ ಗುಂಪು ಗುಂಪಾಗಿದೆಯಲ್ಲ! ಕ ಖ ಗ ಘ ಙ ಒಂದು. ಚ ಛ ಜ ಝ ಞ ಒಂದು. ಹಾಗೇ ಟ, ತ, ಪ. ಐದು ವರ್ಗ, ಒಂದೊಂದರಲ್ಲಿ ಐದೈದು ಅಕ್ಷರ. ಯ ರ ಲ ವ ಒಂದು ಗುಂಪು, ಶ ಷ ಸ ಹ ಳ ಒಂದು. ಸ್ವರ ಒಂದು. ಒಟ್ಟು ಎಂಟು. ಹಲಗೆಯ ಸುತ್ತ ಸರಿಯಾಗಿ ಎಂಟು ಜಾಗ. ಮೊದಲ ನೋಟಕ್ಕೆ ಗುಂಪು, ಎರಡನೇ ನೋಟಕ್ಕೆ ಆ ಗುಂಪಿನಲ್ಲಿ ಎಷ್ಟನೆಯ ಅಕ್ಷರ. ಎ, ಬಿ, ಸಿ, ಡಿಗೆ ಇಂಥ ಕ್ರಮ ಇಲ್ಲ. ಉಚ್ಚಾರಣೆ ನೋಡಿ ಅಕ್ಷರ ಜೋಡಿಸಿಟ್ಟ ನಮ್ಮ ಹಿಂದಿನವರು ಮಾತೇ ಆಡಲಾಗದ ಹುಡುಗಿಗೆ ದಾರಿ ಮಾಡಿಟ್ಟ ಹಾಗಾಯಿತು. ಸ್ವರ ಮಾತ್ರ ಹದಿಮೂರು, ಅದನ್ನು ಅ ಇ ಉ ಎ ಒ ಅಂತ ಐದಕ್ಕೆ ಇಳಿಸಿದೆ. ದೀರ್ಘವೋ ಹ್ರಸ್ವವೋ, ಒತ್ತು ಇದೆಯೋ ಇಲ್ಲವೋ, ಅದನ್ನು ನಾವು ಊಹಿಸಬೇಕು. ಅ, ಜ, ಇ ಅಂದರೆ ಅಜ್ಜಿ.

ಪುಟ್ಟಿಗೆ ಅಕ್ಷರ ಬರುತ್ತದಾ ಅಂತ ಯಾರಿಗೂ ಗೊತ್ತಿರಲಿಲ್ಲ. ಮನೆಗೆ ವಾರಕ್ಕೊಂದು ಸಲ ಸಮನ್ವಯ ಶಿಕ್ಷಣದ ಟೀಚರ್ ಬರುತ್ತಿದ್ದರು, ಚಿತ್ರ ತೋರಿಸಿ, ಕತೆ ಹೇಳಿ ಹೋಗುತ್ತಿದ್ದರು. ಕೂರಿಸಿಕೊಂಡು ಅಕ್ಷರ ಕಲಿಸಿದವರು ಯಾರೂ ಇಲ್ಲ. ಆದರೆ ದಿನಾ ಸಂಜೆ ಅಮ್ಮ ತಮ್ಮನಿಗೆ ಅ ಆ ಇ ಈ ತಿದ್ದಿಸುವಾಗ ಅವಳು ಪಕ್ಕದಲ್ಲೇ ಕುರ್ಚಿಯಲ್ಲಿರುತ್ತಿದ್ದಳು. ಎರಡು ವರ್ಷ.

2023ರ ಫೆಬ್ರವರಿ. ಸಾಗರದ ಮಾರಿಕಾಂಬಾ ಜಾತ್ರೆ. ಮೂರು ವರ್ಷಕ್ಕೊಮ್ಮೆ ಆಗುವ ಜಾತ್ರೆ ಅದು. 2020ರಲ್ಲಿ ಎಲ್ಲರೂ ಹೋಗಿದ್ದೆವು, ಪುಟ್ಟಿಯನ್ನು ಮಾತ್ರ ಪಕ್ಕದ ಮನೆಯಲ್ಲಿ ಬಿಟ್ಟು. ಜನ ಜಾಸ್ತಿ, ಕುರ್ಚಿ ಹೋಗಲ್ಲ, ಧೂಳು. ಕಾರಣ ಬೇಕಾದಷ್ಟಿತ್ತು. 'ಮುಂದಿನ ಸಲ ಕರ್ಕೊಂಡ್ಹೋಗ್ತೀನಿ ಪುಟ್ಟಿ' ಅಂದಿದ್ದ ಅಣ್ಣ. ಈ ಸಲ ನಾನು ಹಲಗೆ ಹಿಡಿದು ಅವಳ ಎದುರು ಕೂತಿದ್ದೆ. ಅಣ್ಣ ಜಗುಲಿಯಲ್ಲಿ ಅಡಿಕೆ ಚೀಲ ಹೊಲಿಯುತ್ತಿದ್ದ. ಅಲ್ಲಿಂದಲೇ, 'ನಾಡಿದ್ದು ಜಾತ್ರೆಗೆ ಹೋಗೋಣ ಅಲ್ವಾ ಪುಟ್ಟಿ' ಅಂದ.

ಅವಳ ಕಣ್ಣು ಎಡಕ್ಕೆ ಹೋಯಿತು, ಶ ಷ ಸ ಹ ಳ. ಆಮೇಲೆ ಮೂರನೇ ಜಾಗಕ್ಕೆ. ಸ.

ಸ್ವರ. ಮೂರನೇದು. ಉ.

ಮತ್ತೆ ಎಡಕ್ಕೆ. ಐದನೇದು. ಳ.

ನಡುವೆ ಒಂದು ಸಲ ಕುತ್ತಿಗೆ ಬಿಗಿದು ಮುಖ ಆಚೆ ತಿರುಗಿತು. ಕಾದೆ. ಮತ್ತೆ ತಿರುಗಿ ಬಂದಳು. ಸ್ವರ, ಉ.

ನಾನು ಕಾಗದದ ಮೇಲೆ ಬರೆದುಕೊಂಡಿದ್ದನ್ನು ನೋಡಿದೆ. ಸು, ಳು. 'ಸುಳ್ಳು ಅಂತೀಯಾ?' ಅಂತ ಕೇಳಿದೆ. ಕಣ್ಣು ಮೇಲಕ್ಕೆತ್ತಿದಳು. ಮೇಲೆ ನೋಡಿದರೆ ಹೌದು.

ಅಣ್ಣ ಹೊಲಿಯೋದು ನಿಲ್ಲಿಸಿದ. ದಬ್ಬಣ ಚೀಲಕ್ಕೆ ಚುಚ್ಚಿದ ಹಾಗೇ ಇತ್ತು. ಹನ್ನೆರಡು ಪದದ ಬೋರ್ಡಿನಲ್ಲಿ ಆ ಪದ ಇರಲಿಲ್ಲ, ನಲವತ್ತರಲ್ಲೂ ಇರಲಿಲ್ಲ. ನಾನು ಇನ್ನೂರು ಚೌಕದ ಬೋರ್ಡು ಮಾಡಿದ್ದರೂ ಅಪ್ಪನಿಗೆ 'ಸುಳ್ಳು' ಅನ್ನುವ ಚೌಕವನ್ನು ಹಾಕುತ್ತಿರಲಿಲ್ಲ. ಅಣ್ಣ ಎದ್ದು ಬಂದು ಅವಳ ಎದುರು ಕೂತ. 'ಹೌದು, ಹೋದ ಸಲ ಸುಳ್ಳು ಹೇಳಿದೆ' ಅಂದ. ಜಾತ್ರೆಗೆ ಹೋದೆವು. ಅರ್ಧ ದಾರಿ ಕುರ್ಚಿ ತಳ್ಳಿಕೊಂಡು, ಅರ್ಧ ದಾರಿ ಅಣ್ಣ ಎತ್ತಿಕೊಂಡು. ಅವಳು ತೊಟ್ಟಿಲು ನೋಡಿ ಹೆದರಿದಳು, ಬಳೆ ಅಂಗಡಿಯಿಂದ ಏಳಲೇ ಇಲ್ಲ.

ಇಲ್ಲಿ ಒಂದು ಎಚ್ಚರದ ಮಾತು. ಮಗುವಿನ ಕೈಯನ್ನು ನಾವು ಹಿಡಿದು ಅಕ್ಷರ ಮುಟ್ಟಿಸುವ ಪದ್ಧತಿಯೊಂದು ಹೊರದೇಶಗಳಲ್ಲಿ ಬಹಳ ಸುದ್ದಿ ಮಾಡಿತ್ತು. 1990ರ ದಶಕದಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಬರುತ್ತಿದ್ದ ಮಾತು ಮಗುವಿನದಲ್ಲ, ಕೈ ಹಿಡಿದವರದು ಅಂತ ಗೊತ್ತಾಯಿತು. ಹಿಡಿದವರು ಮೋಸ ಮಾಡುತ್ತಿರಲಿಲ್ಲ, ಅವರಿಗೇ ಅರಿವಿಲ್ಲದೆ ಕೈ ನಡೆಸುತ್ತಿದ್ದರು. ಪ್ರೀತಿ ಜಾಸ್ತಿ ಇದ್ದಲ್ಲಿ ಈ ಅಪಾಯವೂ ಜಾಸ್ತಿ. ಕಣ್ಣು ಓದುವಾಗಲೂ ನಾವು ನಮ್ಮ ಆಸೆಯನ್ನು ಓದಿಬಿಡಬಹುದು. ಅದಕ್ಕೇ ನಮ್ಮ ಮನೆಯಲ್ಲಿ ಎರಡು ನಿಯಮ. ಅವಳ ಕೈ, ತಲೆ ಯಾರೂ ಹಿಡಿಯುವಂತಿಲ್ಲ. ಪ್ರತಿ ಪದಕ್ಕೂ 'ಇದೇನಾ' ಅಂತ ಕೇಳಬೇಕು, ಕೆಳಗೆ ನೋಡಿದರೆ ಅಳಿಸಿ ಮೊದಲಿಂದ ಶುರು. ಒಮ್ಮೆ ನಾನು ಹೊರಗಿರುವಾಗ ತಮ್ಮ ಅವಳಿಗೆ ಒಂದು ಸಾಮಾನು ತೋರಿಸಿ ಬಚ್ಚಿಟ್ಟ, ಆಮೇಲೆ ನಾನು ಹಲಗೆ ಹಿಡಿದೆ. ಬ, ಳ, ಎ. ಬಳೆ. ಸರಿಯಾಗಿತ್ತು. ಅವಳನ್ನು ಅನುಮಾನಿಸಿ ಮಾಡಿದ್ದಲ್ಲ. ಅವಳ ಮಾತು ಅವಳದೇ ಅಂತ ನಾಳೆ ಯಾರು ಕೇಳಿದರೂ ಗಟ್ಟಿಯಾಗಿ ಹೇಳಬೇಕಲ್ಲ.

ಶಾಲೆಯ ವಿಷಯಕ್ಕೆ ಬಂದರೆ, ಕಾನೂನು ಪುಸ್ತಕದಲ್ಲಿ ಕೊರತೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಪಟ್ಟಿ ಮಾಡುತ್ತದೆ. ಮೊದಲಿನ 1995ರ ಕಾಯ್ದೆಯಲ್ಲಿ ಏಳೇ ಇದ್ದವು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕೆಂದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. 18ರವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನೂ ಉಚಿತವಾಗಿ ಕೊಡಬೇಕು ಅಂತಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಓಡಾಡಿ ಸಹಾಯ ಮಾಡಿದರು, ಅವರನ್ನು ನೆನೆಯಬೇಕು. ಆದರೆ ಕುರ್ಚಿ ಸಿಗುತ್ತದೆ, ಶ್ರವಣಯಂತ್ರ ಸಿಗುತ್ತದೆ, 'ಮಾತಿಗೆ ಬೋರ್ಡು ಕೊಡಿ' ಅಂದರೆ ಎದುರಿನವರು ಮುಖ ನೋಡುತ್ತಾರೆ. ಮಾತಿನ ತೊಂದರೆಗೆಂದೇ ಇರುವ ದೊಡ್ಡ ಸಂಸ್ಥೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮೈಸೂರಿನಲ್ಲಿದೆ. ನಮ್ಮ ರಾಜ್ಯದಲ್ಲೇ ಇದೆ ಅನ್ನೋದು ಭಾಗ್ಯ. ಆದರೆ ಹೊಸನಗರದ ಒಳಗಿನ ಊರಿಂದ ಕೂರಲಾಗದ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಹೋಗಿಬರೋದು ಒಂದು ದಿನದ ಕೂಲಿಯ ಪ್ರಶ್ನೆ ಅಲ್ಲ.

ಏಳನೇ ತರಗತಿ ಮುಗಿದ ಮೇಲೆ ಒಂದು ಹೈಸ್ಕೂಲಿಗೆ ಹೋದಾಗ 'ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ' ಅಂದರು. ಅತ್ತಿಗೆ ಕಾಯ್ದೆಯ ಆ ಪುಟವನ್ನು ನನ್ನ ಹತ್ತಿರ ಪ್ರಿಂಟ್ ಹಾಕಿಸಿಕೊಂಡು ಮೂರನೇ ಸಲ ಹೋದಳು. ಸೇರಿಸಿಕೊಂಡರು. ಈಗ ವಾರಕ್ಕೆ ಎರಡು ದಿನ ಹೋಗುತ್ತಾಳೆ.

ತರಗತಿಯಲ್ಲಿ ತೊಂದರೆ ಆಗಿದ್ದು ಹೊತ್ತಿನದು. ನಾವು ಮಾತಾಡುವಾಗ ನಿಮಿಷಕ್ಕೆ ನೂರಕ್ಕಿಂತ ಜಾಸ್ತಿ ಪದ ಆಡುತ್ತೇವೆ. ಹಲಗೆಯ ಮೇಲೆ ಪುಟ್ಟಿಗೆ ಒಂದು ಪದಕ್ಕೇ ಒಂದು ನಿಮಿಷ. ಮೇಷ್ಟ್ರು ಪ್ರಶ್ನೆ ಕೇಳಿ ಅವಳ ಕಡೆ ತಿರುಗುವಷ್ಟರಲ್ಲಿ ಹಿಂದಿನ ಬೆಂಚು ಉತ್ತರ ಹೇಳಿ ಆಗಿರುತ್ತದೆ. ವಿಜ್ಞಾನದ ಟೀಚರ್ ಒಂದು ದಾರಿ ಕಂಡುಹಿಡಿದರು. ನಾಳೆ ಕೇಳುವ ಒಂದು ಪ್ರಶ್ನೆಯನ್ನು ಇವತ್ತೇ ಪುಟ್ಟಿಗೆ ಹೇಳಿ ಕಳಿಸುತ್ತಾರೆ. ರಾತ್ರಿ ಅವಳು ತಮ್ಮನ ಜೊತೆ ಕೂತು ಉತ್ತರ ಕಟ್ಟುತ್ತಾಳೆ, ಎರಡನೇ ಟ್ಯಾಬ್ಲೆಟ್ಟಿನಲ್ಲಿ ಅದು ಕಾದಿರುತ್ತದೆ. ಮಾರನೇ ದಿನ ಟೀಚರ್ ಕೇಳಿದ ಕೂಡಲೇ ಕೆನ್ನೆಯಿಂದ ಒತ್ತುತ್ತಾಳೆ. ಪಕ್ಕದ ಮನೆ ಹುಡುಗಿಯ ಹತ್ತು ವರ್ಷದ ದನಿ ತರಗತಿ ತುಂಬುತ್ತದೆ. ಇದಕ್ಕೆ ಸರ್ಕಾರದ ಆದೇಶ ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ.

ಹೋದ ವಾರ ಮತ್ತೊಂದು ಚೀಟಿ ಬಂತು. ಈ ಸಲ ವಾಟ್ಸಾಪಿನಲ್ಲಿ, ಅಕ್ಷರ ತಮ್ಮನದು, ಪದ ಪುಟ್ಟಿಯದು. ಶಾಲೆಗೆ ಒಯ್ಯೋಕೆ ಹೊಸ ಬೋರ್ಡು ಬೇಕಂತೆ. ಮೂವತ್ತೊಂದು ಪದ. ಥೂ, ಮಾರಾಯ್ತಿ, ಆಮೇಲೆ, ನಿಜವಾ, ಕಾಪಿ ಹೊಡಿಬೇಡ, ಅಮ್ಮನಿಗೆ ಹೇಳ್ಬೇಡ, ನನ್ನ ಬಿಟ್ಟು ಹೋಗ್ಬೇಡ, ಬಳೆ, ಇಂಬಳ. ಓದುತ್ತಾ ಹೋದೆ. ಇಪ್ಪತ್ತೇಳನೇ ಪದ ಮಾತ್ರ ಗೊತ್ತಾಗಲಿಲ್ಲ. ಗ, ಉ, ಮ ಅಂತಷ್ಟೇ ಇತ್ತು. ಫೋನ್ ಮಾಡಿದೆ. ಅತ್ತಿಗೆ 'ಗುಮ್ಮ ಇರಬೇಕು' ಅಂದಳು, ಹಿಂದಿನಿಂದ ತಮ್ಮ 'ಅಲ್ಲ, ಕೆಳಗೆ ನೋಡ್ತಿದಾಳೆ' ಅಂತ ಕೂಗಿದ. ಗುಂಪು? ಅಲ್ಲ. ಗೂಡು ಅಂತ ತಪ್ಪಾಗಿ ಬರೆದನಾ? ಅಲ್ಲ. ಅಷ್ಟರಲ್ಲಿ ಫೋನ್ ಕಟ್ ಆಯಿತು, ಮತ್ತೆ ಸಿಗಲಿಲ್ಲ.

ಬೋರ್ಡಿನ ಪುಟ ಜೋಡಿಸಿಟ್ಟಿದ್ದೇನೆ. ಮೂವತ್ತು ಚೌಕ ತುಂಬಿದೆ, ಇಪ್ಪತ್ತೇಳನೆಯದು ಖಾಲಿ. ಲ್ಯಾಮಿನೇಷನ್ ಮಾಡಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೋಗಿ ಅವಳನ್ನೇ ಕೇಳಿಕೊಂಡು ಬರುತ್ತೇನೆ.